ಗುಡುಗಿನ ಕೂಸು ಕಲ್ಲಣಬೆ

ಭೂಮಿಯು ಮನುಷ್ಯನಿಗೆ ಕೊಡುವ ಆಹಾರವು ಎರಡು ವಿಧ. ಉತ್ತು, ಬಿತ್ತಿ, ಬೆವರು ಸುರಿಸಿ ಪಡೆಯುವುದು ಒಂದು. ಯಾರೂ ಬಿತ್ತದೆ, ಯಾರೂ ನೀರೆರೆಯದೆ ತಾನಾಗಿ ಹುಟ್ಟಿ, ಹುಡುಕಬಲ್ಲವನಿಗೆ ಮಾತ್ರ ದೊರೆಯುವುದು ಇನ್ನೊಂದು. ಈ ಎರಡನೆಯ ಬಗೆಯಲ್ಲಿ ಅತ್ಯಂತ ವಿಚಿತ್ರವಾದುದು ಅಣಬೆ. ಅಣಬೆಗಳಲ್ಲಿಯೂ ವಿಚಿತ್ರವಾದುದು, ನೆಲದ ಮೇಲೆ ಕೊಡೆಯನ್ನು ಬಿಚ್ಚದೆ ಮಣ್ಣಿನೊಳಗೇ ಉಂಡೆಯಾಗಿ ಅಡಗಿರುವ ಜಾತಿ. ಈ ಅಡಗಿದ ಅಣಬೆಯನ್ನೂ ಅದನ್ನು ಅರಸಿ ತೆಗೆಯುವವರ ವಿದ್ಯೆಯನ್ನೂ ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬೇಕೆಂದಿದ್ದೇನೆ. ವಿಷಯವು ಮೇಲುನೋಟಕ್ಕೆ ಅಡಿಗೆಮನೆಯದಾಗಿ ಕಂಡರೂ, ಅದರ ಬೇರುಗಳು ಕಾವ್ಯ, ಶಾಸ್ತ್ರ, ಅರಣ್ಯ, ವೈದ್ಯ ಇವೆಲ್ಲವುಗಳಲ್ಲಿಯೂ ಹರಡಿಕೊಂಡಿವೆ.

ಪಾಶ್ಚಾತ್ಯ ದೇಶಗಳಲ್ಲಿ ಇಂತಹ ಭೂಗತವಾದ ಅಣಬೆಗೆ ಟ್ರಫಲ್ ಎಂದು ಹೆಸರು. ಪೇಟೆಯಲ್ಲಿ ಇದೇ ಹೆಸರಿನಿಂದ ಮಾರುವ ಚಾಕಲೇಟಿನ ಉಂಡೆಗೆ ಆ ನಾಮವು ಬಂದುದು ಕೇವಲ ರೂಪಸಾಮ್ಯದಿಂದ. ನಿಜವಾದ ಟ್ರಫಲ್ಲು ಇಟಲಿ, ಫ್ರಾನ್ಸ್ ಮೊದಲಾದ ದೇಶಗಳ ಗುಡ್ಡಗಾಡಿನಲ್ಲಿ ಓಕ್, ಹೇಜಲ್ ಮುಂತಾದ ಮರಗಳ ಬೇರಿನ ಬಳಿ, ಗೇಣುದ್ದ ಮಣ್ಣಿನ ಕೆಳಗೆ, ಆಲೂಗಡ್ಡೆಯಂತೆ ಅಡಗಿರುವುದು. ಅದರ ಕಂಪಿಗೆ ಮರುಳಾದ ಧನಿಕರು ಕೊಡುವ ಬೆಲೆಯನ್ನು ಕೇಳಿದರೆ ನಮ್ಮಂಥವರಿಗೆ ನಂಬಿಕೆಯೇ ಬಾರದು. ೨೦೦೭ರಲ್ಲಿ ಇಟಲಿಯ ತಸ್ಕನಿ ಪ್ರಾಂತದಲ್ಲಿ ಅಗೆದು ತೆಗೆದ ಒಂದೂವರೆ ಕಿಲೋಗ್ರಾಂ ತೂಕದ ಬಿಳಿಯ ಟ್ರಫಲ್ಲೊಂದು ಹರಾಜಿನಲ್ಲಿ ೩,೩೦,೦೦೦ ಡಾಲರಿಗೆ ಮಾರಾಟವಾಯಿತು.

ಮಣ್ಣಿನೊಳಗಿರುವುದನ್ನು ಕಣ್ಣು ಕಾಣದು. ಆದಕಾರಣ ಅಲ್ಲಿಯವರು ಮೂಗಿನ ಸಹಾಯವನ್ನು ಪಡೆದರು. ತಮ್ಮ ಮೂಗಿನದಲ್ಲ, ಪ್ರಾಣಿಗಳ ಮೂಗಿನದು. ಪೂರ್ವಕಾಲದಲ್ಲಿ ಹೆಣ್ಣುಹಂದಿಯ ಕೊರಳಿಗೆ ಹಗ್ಗ ಕಟ್ಟಿ ಕಾಡಿಗೆ ಕರೆದೊಯ್ಯುತ್ತಿದ್ದರು. ಹಂದಿಗೆ ಯಾರೂ ಪಾಠ ಹೇಳಬೇಕಾಗಿಲ್ಲ; ಟ್ರಫಲ್ಲಿನ ವಾಸನೆ ಬಂದೊಡನೆ ಮೂತಿಯಿಂದ ನೆಲವನ್ನು ಅಗೆಯತೊಡಗುವುದು. ಆದರೆ ಕಂಡುದನ್ನು ತಾನೇ ತಿನ್ನಬೇಕೆಂಬ ಹಟವೂ ಅದಕ್ಕೆ ಉಂಟು. ಅದರ ಬಾಯಿಂದ ಗಡ್ಡೆಯನ್ನು ಬಿಡಿಸಿಕೊಳ್ಳುವುದು ಸುಲಭವಲ್ಲ. ಮರದ ಎಳೆಬೇರುಗಳಿಗೂ ಅದರ ಮೂತಿಯಿಂದ ಹಾನಿಯಾಗುವುದು. ಆದುದರಿಂದ ಕ್ರಮೇಣ ನಾಯಿಗಳು ಆ ಕೆಲಸಕ್ಕೆ ಬಂದವು. ನಾಯಿಮರಿಗೆ ಮೊದಲು ಟ್ರಫಲ್ಲಿನ ಚೂರನ್ನು ಬಚ್ಚಿಟ್ಟು ಹುಡುಕಿಸಿ, ದೊರೆತಾಗ ರೊಟ್ಟಿಯ ತುಣುಕನ್ನು ಕೊಟ್ಟು ಅಭ್ಯಾಸ ಮಾಡಿಸುವರು. ಬಲಿತ ನಾಯಿಯು ತಾನು ಕಂಡ ಸ್ಥಳವನ್ನು ಕಾಲಿನಿಂದ ಕೆರೆದು ತೋರಿಸುವುದು. ಒಡೆಯನು ಸಣ್ಣ ಸಲಿಕೆಯಿಂದ ಮೆಲ್ಲಗೆ ಮಣ್ಣನ್ನು ಸರಿಸಿ ಗಡ್ಡೆಯನ್ನು ತೆಗೆಯುವನು. ಹಂದಿಯನ್ನೂ ನಾಯಿಯನ್ನೂ ಸೆಳೆಯುವುದು ಗಂಧಕಾಂಶವುಳ್ಳ ಒಂದು ವಾಯುವೆಂದು ಫ್ರೆಂಚ್ ವಿಜ್ಞಾನಿಗಳು ೧೯೯೦ರಲ್ಲಿ ತೋರಿಸಿಕೊಟ್ಟರು. ಇಟಲಿಯ ಈ ಹುಡುಕಾಟದ ವಿದ್ಯೆಯನ್ನು ೨೦೨೧ರಲ್ಲಿ ಯುನೆಸ್ಕೋ ಸಂಸ್ಥೆಯು ಮಾನವಕುಲದ ಸಾಂಸ್ಕೃತಿಕ ಪರಂಪರೆಗಳ ಪಟ್ಟಿಯಲ್ಲಿ ಸೇರಿಸಿತು.

ಬೀಜವಿಲ್ಲದೆ, ಬೇರಿಲ್ಲದೆ, ನೆಲದೊಳಗೆ ಇದು ಹೇಗೆ ಹುಟ್ಟುವುದೆಂಬ ಪ್ರಶ್ನೆಯು ಪ್ರಾಚೀನ ಯವನರನ್ನೂ ರೋಮನರನ್ನೂ ಬಹುವಾಗಿ ಕಾಡಿತು. ರೋಮಿನ ಪ್ಲಿನಿ ಎಂಬ ಪಂಡಿತನು ಒಂದು ಸ್ವಾರಸ್ಯವಾದ ಸಂಗತಿಯನ್ನು ಬರೆದಿಟ್ಟಿದ್ದಾನೆ. ಸ್ಪೇನ್ ದೇಶದಲ್ಲಿದ್ದ ಒಬ್ಬ ರೋಮನ್ ಅಧಿಕಾರಿಯು ಟ್ರಫಲ್ಲನ್ನು ಕಚ್ಚಿದಾಗ ಅದರೊಳಗಿದ್ದ ಬೆಳ್ಳಿಯ ನಾಣ್ಯವೊಂದು ತಗುಲಿ ಅವನ ಮುಂದಿನ ಹಲ್ಲುಗಳು ಬಾಗಿಹೋದುವಂತೆ! ಮಣ್ಣೇ ತನ್ನ ಸುತ್ತಲಿದ್ದುದನ್ನು ಸೇರಿಸಿಕೊಂಡು ಉಂಡೆಗಟ್ಟುವುದೆಂಬುದಕ್ಕೆ ಪ್ಲಿನಿಯು ಇದನ್ನು ಸಾಕ್ಷಿಯಾಗಿ ಹಿಡಿದನು. ಗುಡುಗು ಹೆಚ್ಚಾದ ವರ್ಷ ಟ್ರಫಲ್ಲೂ ಹೆಚ್ಚು ಎಂಬುದು ಆ ಕಾಲದ ಜನಜನಿತವಾದ ನಂಬಿಕೆ. ಪ್ಲೂಟಾರ್ಕನೆಂಬ ಯವನ ಗ್ರಂಥಕಾರನು, ಗುಡುಗಿನಿಂದ ಟ್ರಫಲ್ಲು ಹುಟ್ಟುವುದೆಂದು ಜನರು ಏಕೆ ನಂಬುವರೆಂಬುದನ್ನೇ ಒಂದು ಭೋಜನಗೋಷ್ಠಿಯ ಚರ್ಚೆಯಾಗಿ ವಿಸ್ತರಿಸಿದ್ದಾನೆ. ಅರಬ್ಬೀ ಮರುಭೂಮಿಯಲ್ಲಿ ಮಳೆಯ ನಂತರ ಮರಳಿನೊಳಗೆ ಹುಟ್ಟುವ ಇದೇ ಬಗೆಯ ಗಡ್ಡೆಗೆ ಕಮಾ ಎಂದು ಹೆಸರು. ಅಲ್ಲಿನ ಅಲೆಮಾರಿ ಜನರೂ ಅದನ್ನು ಸಿಡಿಲು ಗುಡುಗುಗಳೊಡನೆಯೇ ಸೇರಿಸಿ ಹೇಳುವರು. ಅದು ಯಾರೂ ಬಿತ್ತದೆ ದೇವರು ಕೊಟ್ಟ ಅನ್ನವೆಂದೂ, ಅದರ ರಸವು ಕಣ್ಣಿಗೆ ಔಷಧವೆಂದೂ ಪ್ರವಾದಿಯವರ ವಚನವು ಹದೀಸಿನಲ್ಲಿ ಬಂದಿದೆ.

ಇಷ್ಟು ದೂರದ ಮಾತು ನಮಗೇಕೆ ಎಂದು ಯಾರಾದರೂ ಕೇಳಬಹುದು. ಆದರೆ ಇದೇ ಮಾತನ್ನು ನಮ್ಮ ಕಾಳಿದಾಸನೂ ಹೇಳಿರುವನು. ಮೇಘದೂತದ ಪೂರ್ವಭಾಗದಲ್ಲಿ ಯಕ್ಷನು ಮೇಘವನ್ನು ಹೊಗಳುತ್ತ, ಅದರ ಗರ್ಜನೆಯು ಭೂಮಿಯಲ್ಲಿ ಶಿಲೀಂಧ್ರಗಳನ್ನು ಎಬ್ಬಿಸಿ ಅವಳು ಬಂಜೆಯಲ್ಲವೆಂಬುದನ್ನು ತೋರಿಸಬಲ್ಲುದು ಎನ್ನುವನು. ಶಿಲೀಂಧ್ರ ಶಬ್ದಕ್ಕೆ ಕಂದಲೀ ಎಂಬ ಗಿಡವೆಂದು ಅರ್ಥ ಹೇಳುವ ವ್ಯಾಖ್ಯಾನಕಾರರೂ ಉಂಟು. ಅಣಬೆಯೆಂಬ ಅರ್ಥವೂ ಪ್ರಸಿದ್ಧವೇ. ಇಂದಿನ ಕನ್ನಡದ ವಿಜ್ಞಾನಗ್ರಂಥಗಳು ಅಣಬೆ, ಬೂಷ್ಟುಗಳ ಸಮಸ್ತ ಕುಲಕ್ಕೂ ಶಿಲೀಂಧ್ರವೆಂಬ ಹೆಸರನ್ನೇ ಇಟ್ಟುಕೊಂಡಿವೆ. ಈ ಶ್ಲೋಕವನ್ನು ಪಾಠ ಹೇಳುವಾಗಲೆಲ್ಲ ಹುಡುಗರಲ್ಲಿ ಒಬ್ಬನಾದರೂ, “ಗುಡುಗಿಗೂ ಅಣಬೆಗೂ ಏನು ಸಂಬಂಧ, ಗುರುಗಳೇ?” ಎಂದು ಕೇಳದೆ ಬಿಡುತ್ತಿರಲಿಲ್ಲ. ಅದು ಸಾಧುವಾದ ಪ್ರಶ್ನೆ. ಬೇಸಗೆಯ ಕೊನೆಯಲ್ಲಿ ಗುಡುಗಿನೊಡನೆ ಬರುವ ಮೊದಲ ಮಳೆಯೇ ಕಾದ ನೆಲವನ್ನು ತಣಿಸಿ ತೇವಗೊಳಿಸುವುದು. ಅಣಬೆಯು ಎಚ್ಚರಗೊಳ್ಳುವುದು ಮುಖ್ಯವಾಗಿ ಆ ತೇವದಿಂದ. ಆದರೂ ಗುಡುಗಿನ ಮಾತನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಜಪಾನಿನ ಇವಾತೆ ವಿಶ್ವವಿದ್ಯಾನಿಲಯದಲ್ಲಿ ಅಣಬೆ ಬೆಳೆಯುವ ದಿಮ್ಮಿಗಳಿಗೆ ಸಿಡಿಲಿನಂತಹ ವಿದ್ಯುದಾಘಾತವನ್ನು ಕ್ಷಣಮಾತ್ರ ಕೊಟ್ಟು ನೋಡಿದಾಗ ಕೆಲವು ಜಾತಿಯ ಅಣಬೆಗಳ ಇಳುವರಿಯು ಹೆಚ್ಚಿತು.

ಇನ್ನು ನಮ್ಮ ನಾಡಿನ ಕಡೆಗೆ ಬರೋಣ. ಮಣ್ಣಿನೊಳಗೆ ಅಡಗುವ ಅಣಬೆಯು ಕನ್ನಡನಾಡಿಗೆ ಅಪರಿಚಿತವಾದ ವಸ್ತುವೇನೂ ಅಲ್ಲ. ಸಹ್ಯಾದ್ರಿಯ ಪಡುವಣ ತಪ್ಪಲಿನಲ್ಲಿ, ಉಡುಪಿ, ಕಾರ್ಕಳ, ಹೆಬ್ರಿ, ಬೆಳ್ತಂಗಡಿಗಳ ಸೀಮೆಯಲ್ಲಿ, ಮುರಕಲ್ಲಿನ ನೆಲದಲ್ಲಿ ಹುಟ್ಟುವ ಒಂದು ಜಾತಿಗೆ ಕಲ್ಲಣಬೆ ಎಂದು ಹೆಸರು. ತುಳುವಿನಲ್ಲಿ ಕಲ್ಲಲಂಬು ಎನ್ನುವರು. ತುಳುವರ ಲಂಬು, ಮರಾಠಿಗರ ಅಳಂಬೆ, ನಮ್ಮ ಅಣಬೆ ಇವು ಒಂದೇ ಮನೆಯ ಶಬ್ದಗಳಂತೆ ಕಾಣುತ್ತವೆ; ಕೊಡಗಿನವರು ಮಾತ್ರ ಕುಮ್ಮ್ ಎಂಬ ಬೇರೆ ಹೆಸರಿನಿಂದ ಅಣಬೆಯನ್ನು ಕರೆದು, ಕಕ್ಕಡ ಮಾಸದ ಜಡಿಮಳೆಯಲ್ಲಿ ಅದರ ಅಡಿಗೆಯನ್ನು ಬಹು ಪ್ರೀತಿಯಿಂದ ಉಣ್ಣುವರು.

ಕಲ್ಲಣಬೆಯ ಕಾಲವು ಬಹಳ ಕಿರಿದು. ಮುಂಗಾರಿನ ಮೊದಲ ಗುಡುಗುಮಳೆ ಬಿದ್ದು ಕೆಲವು ದಿನಗಳಾದ ಮೇಲೆ ಆರಂಭವಾಗಿ ಕೆಲವೇ ವಾರಗಳಲ್ಲಿ ಮುಗಿದುಹೋಗುವುದು. ಆ ದಿನಗಳಲ್ಲಿ ಹಾಡಿಯ ಅಂಚಿನ ಊರುಗಳ ಹೆಂಗಸರೂ ಮಕ್ಕಳೂ ಬೆಳಗಾಗುವ ಹೊತ್ತಿಗೆ ಬುಟ್ಟಿಗಳನ್ನು ಹಿಡಿದು ಹೊರಡುವರು. ಅವರಿಗೆ ಹಂದಿಯ ಮೂಗೂ ಬೇಡ, ನಾಯಿಯ ಮೂಗೂ ಬೇಡ; ಕಣ್ಣೂ ಬೆರಳೂ ಸಾಕು. ಒದ್ದೆಯಾದ ತರಗೆಲೆಗಳನ್ನು ಸರಿಸಿ ನೋಡಿದರೆ ಮಣ್ಣು ಅಲ್ಲಲ್ಲಿ ಸ್ವಲ್ಪ ಉಬ್ಬಿರುವುದು, ಇಲ್ಲವೆ ಕೂದಲೆಳೆಯಷ್ಟು ಬಿರಿದಿರುವುದು. ಅಲ್ಲಿ ಮೊನಚಾದ ಕಡ್ಡಿಯಿಂದಲೋ ಕತ್ತಿಯ ತುದಿಯಿಂದಲೋ ಮೆಲ್ಲಗೆ ಕೆದಕಿದರೆ ಗೋಲಿಯಷ್ಟು ದಪ್ಪನಾದ, ಮಣ್ಣು ಮೆತ್ತಿದ ಉಂಡೆಗಳು ಹೊರಬೀಳುವುವು. ಒಂದು ಸಿಕ್ಕಿದ ಕಡೆ ಸುತ್ತಮುತ್ತ ಇನ್ನೂ ಹತ್ತಾರು ಇರುವುದುಂಟು. ಹೋದ ವರ್ಷ ಸಿಕ್ಕಿದ ಕಡೆಯಲ್ಲಿಯೇ ಈ ವರ್ಷವೂ ಹುಡುಕುವರು. ಆದುದರಿಂದ ತಮ್ಮ ತಮ್ಮ ಸ್ಥಳಗಳನ್ನು ಎಲ್ಲರಿಗೂ ಹೇಳಿಕೊಂಡು ತಿರುಗುವುದಿಲ್ಲ. ಈ ಗುಟ್ಟು ಇಟಲಿಯಲ್ಲಿಯೂ ಹೀಗೆಯೇ. ತಂದೆಯು ಮಗನಿಗೆ ಮಾತ್ರ ಹೇಳುವನು.

ಹೊಸದಾಗಿ ಕಿತ್ತ ಕಲ್ಲಣಬೆಯು ದಾರಿಯ ಬದಿಯಲ್ಲಿಯೂ ಸಂತೆಯಲ್ಲಿಯೂ ಅಳೆದೋ ತೂಗಿಯೋ ಮಾರಾಟವಾಗುವುದು. ಕಿಲೋಗ್ರಾಮಿಗೆ ನೂರಾರು ರೂಪಾಯಿಗಳಾದರೂ ಕೊಳ್ಳುವವರು ಕಾದು ನಿಂತಿರುವರು. ಮನೆಗೆ ತಂದ ಮೇಲೆ ಗೃಹಿಣಿಯ ಕೆಲಸ ಆರಂಭ. ನಾಲ್ಕಾರು ನೀರಿನಲ್ಲಿ ಉಜ್ಜಿ ತೊಳೆದು ಮರಳನ್ನೆಲ್ಲ ಕಳೆಯಬೇಕು. ಒಂದು ಕಣ ಉಳಿದರೂ ಊಟದ ಸುಖ ಕೆಡುವುದು. ಆಮೇಲೆ ಒಂದೊಂದನ್ನೂ ಎರಡು ಹೋಳು ಮಾಡಿ ನೋಡಬೇಕು. ಒಳಗೆ ಬೆಣ್ಣೆಯಂತೆ ಬೆಳ್ಳಗಿದ್ದರೆ ಎಳೆಯದು. ಕಪ್ಪಾಗಿದ್ದರೆ ಬಲಿತುದು, ಅದನ್ನು ಎಸೆಯಬೇಕು. ಹುರಿದ ಮಸಾಲೆ, ತೆಂಗಿನಕಾಯಿಗಳೊಡನೆ ಗಸಿಯನ್ನೋ ಸುಕ್ಕವನ್ನೋ ಮಾಡುವರು. ಹೊರಗಿನ ಸಿಪ್ಪೆಯು ಹಲ್ಲಿಗೆ ಸಿಕ್ಕಿ ಕಟುಕೆಂದು ಒಡೆದು, ಒಳಗಿನ ತಿರುಳು ಮೃದುವಾಗಿರುವುದೇ ಇದರ ವಿಶೇಷ.

ಎಳೆಯದಾಗಿ ಕೀಳದೆ ಬಿಟ್ಟ ಕಲ್ಲಣಬೆಯು ಏನಾಗುವುದೆಂಬುದು ಇನ್ನೂ ಸುಂದರವಾದ ಕಥೆ. ಬಲಿತಂತೆ ಅದರ ಹೊರಚಿಪ್ಪು ಸೀಳಿ, ಹೂವಿನ ದಳಗಳಂತೆ ಬಿಚ್ಚಿಕೊಂಡು, ನೆಲದ ಮೇಲೆ ನಕ್ಷತ್ರವೊಂದು ಬಿದ್ದಂತೆ ತೋರುವುದು. ನಡುವೆ ಒಂದು ಚಿಕ್ಕ ಚೀಲ. ಅದರಲ್ಲಿ ಕಂದುಬಣ್ಣದ ಧೂಳಿನಂತಹ ಬೀಜಾಣುಗಳು. ಮಳೆಹನಿ ಬಿದ್ದಾಗ ಚೀಲದ ಬಾಯಿಂದ ಆ ಧೂಳು ಹೊಗೆಯಂತೆ ಹೊರಟು ಗಾಳಿಯಲ್ಲಿ ಹರಡುವುದು. ಗಾಳಿಯು ಒಣಗಿದಾಗ ನಕ್ಷತ್ರವು ಮುಚ್ಚಿಕೊಂಡು ಮತ್ತೆ ಉಂಡೆಯಾಗುವುದು. ತೇವ ಬಂದಾಗ ಮತ್ತೆ ಬಿಚ್ಚುವುದು. ಈ ಕಾರಣದಿಂದಲೇ ವಿಜ್ಞಾನಿಗಳು ಇದರ ಕುಲಕ್ಕೆ ‘ಆಸ್ಟ್ರಿಯಸ್’, ಎಂದರೆ ನಕ್ಷತ್ರಮಯ, ಎಂದು ಹೆಸರಿಟ್ಟು, ಒಂದು ಜಾತಿಗೆ ‘ತೇವವನ್ನು ಅಳೆಯುವುದು’ ಎಂಬರ್ಥದ ವಿಶೇಷಣವನ್ನು ಕೊಟ್ಟಿದ್ದಾರೆ. ಕರಾವಳಿಯ ಕಲ್ಲಣಬೆಗಳನ್ನು ಮಂಗಳೂರು ವಿಶ್ವವಿದ್ಯಾನಿಲಯದ ಸಂಶೋಧಕರು ಪರಿಶೀಲಿಸಿ ೨೦೧೫ರಲ್ಲಿ ವಿವರಗಳನ್ನು ಪ್ರಕಟಿಸಿದ್ದಾರೆ. ಇದು ಟ್ರಫಲ್ಲಿನ ರಕ್ತಸಂಬಂಧಿಯಲ್ಲ, ಕುಲ ಬೇರೆ. ಆದರೆ ಶೀಲ ಒಂದೇ: ಎರಡೂ ನೆಲದಲ್ಲಿ ಅಡಗುವುವು, ಎರಡೂ ಮರವನ್ನು ಆಶ್ರಯಿಸುವುವು, ಎರಡನ್ನೂ ಗದ್ದೆಯಲ್ಲಿ ಜೋಳದಂತೆ ಬಿತ್ತಲಾಗದು.

ಮರದ ಆಶ್ರಯವೆಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಣಬೆಗೆ ಎಲೆಯ ಹಸುರಿಲ್ಲ. ಬಿಸಿಲಿನಿಂದ ತನ್ನ ಆಹಾರವನ್ನು ತಾನೇ ಮಾಡಿಕೊಳ್ಳುವ ಶಕ್ತಿಯಿಲ್ಲ. ನಾವು ಅಣಬೆಯೆಂದು ಕಿತ್ತು ತರುವುದು ಅದರ ಫಲಮಾತ್ರ. ನಿಜವಾದ ದೇಹವು ಮಣ್ಣಿನಲ್ಲಿ ಜೇಡರ ಬಲೆಗಿಂತಲೂ ನವುರಾದ ಎಳೆಗಳಾಗಿ ಹರಡಿರುವುದು. ಆ ಎಳೆಗಳು ಮರದ ಎಳೆಬೇರುಗಳಿಗೆ ಕೈಗವಸಿನಂತೆ ಸುತ್ತಿಕೊಂಡು, ದೂರದೂರದಿಂದ ನೀರನ್ನೂ ಲವಣಗಳನ್ನೂ ತಂದು ಮರಕ್ಕೆ ಕೊಡುವುವು. ಮರವು ತಾನು ಬಿಸಿಲಿನಲ್ಲಿ ಸಿದ್ಧಪಡಿಸಿದ ಸಕ್ಕರೆಯಲ್ಲಿ ಒಂದು ಪಾಲನ್ನು ಅಣಬೆಗೆ ಕೊಡುವುದು. ಈ ರಹಸ್ಯವು ಹೊರಬಿದ್ದುದಕ್ಕೂ ಟ್ರಫಲ್ಲೇ ಕಾರಣ. ಅದನ್ನು ಬೇಸಾಯ ಮಾಡಬಹುದೇ ನೋಡಿರೆಂದು ಪ್ರಷ್ಯದ ಸರಕಾರವು ಜರ್ಮನಿಯ ಆಲ್ಬರ್ಟ್ ಫ್ರಾಂಕ್ ಎಂಬ ವಿಜ್ಞಾನಿಗೆ ಕೆಲಸ ವಹಿಸಿತ್ತು. ಬೇಸಾಯದ ದಾರಿ ಅವನಿಗೆ ದೊರೆಯಲಿಲ್ಲ. ಆದರೆ ಮರವೂ ಅಣಬೆಯೂ ಕೂಡಿ ಬಾಳುವ ಈ ಧರ್ಮವನ್ನು ೧೮೮೫ರಲ್ಲಿ ಅವನು ಲೋಕಕ್ಕೆ ತಿಳಿಸಿದನು. ಅದಕ್ಕೂ ಮೊದಲೇ, ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ, ಫ್ರಾನ್ಸಿನ ಜೋಸೆಫ್ ತಾಲೋನ್ ಎಂಬ ಒಬ್ಬ ಹಳ್ಳಿಗನು, ಟ್ರಫಲ್ಲು ಸಿಕ್ಕುವ ಓಕ್ ಮರಗಳ ಕೆಳಗಿನ ಬೀಜಗಳನ್ನು ಆಯ್ದು ಬಿತ್ತಿ, ಕೆಲವು ವರ್ಷಗಳ ಮೇಲೆ ಆ ಗಿಡಗಳ ಬುಡದಲ್ಲಿ ಟ್ರಫಲ್ಲನ್ನು ಕಂಡಿದ್ದನು. ಅಣಬೆ ಬೇಕಾದವನು ಮರವನ್ನು ನೆಡಬೇಕೆಂಬುದನ್ನು ಆ ಹಳ್ಳಿಗನು ಪಂಡಿತರಿಗಿಂತ ಮೊದಲೇ ತಿಳಿದಿದ್ದನು.

ಕಲ್ಲಣಬೆಗೆ ಪ್ರಿಯವಾದುವು ಸಾಲವೃಕ್ಷದ ವಂಶದ ಮರಗಳು. ನಮ್ಮ ಸಹ್ಯಾದ್ರಿಯ ಬೋಗಿ, ಧೂಪ ಇವು ಆ ವಂಶಕ್ಕೆ ಸೇರಿದುವು. ಉತ್ತರದೇಶದಲ್ಲಿ ಸಾಲವೃಕ್ಷಗಳ ವನಗಳೇ ಇರುವುದರಿಂದ ಛತ್ತೀಸಗಢದ ಬಸ್ತರಿನಲ್ಲಿ ಬೋಡಾ ಎಂದೂ, ಝಾರ್ಖಂಡದಲ್ಲಿ ರುಗಡಾ, ಪುಟ್ಕಾ ಎಂದೂ ಇಂತಹ ಅಣಬೆಯು ಬಲು ಪ್ರಸಿದ್ಧ. ಈ ಪುಟ್ಕಾ ಎಂಬ ಸಂತಾಲಿ ಶಬ್ದವನ್ನು ಹಿಡಿದು ಕೆಲವು ವಿದ್ವಾಂಸರು ನಮ್ಮ ವೇದಶಾಸ್ತ್ರಗಳ ಒಂದು ಗಂಟನ್ನು ಬಿಡಿಸಲು ಯತ್ನಿಸಿದ್ದಾರೆ. ಸೋಮಲತೆ ದೊರೆಯದಾಗ ಅದಕ್ಕೆ ಬದಲಾಗಿ ಬಳಸಬಹುದಾದ ವಸ್ತುಗಳಲ್ಲಿ ಪೂತೀಕವೆಂಬುದೂ ಒಂದು. ಪ್ರವರ್ಗ್ಯ ಕರ್ಮದ ಮಹಾವೀರವೆಂಬ ಮಣ್ಣಿನ ಪಾತ್ರೆಗೂ ಅದನ್ನು ಬೆರೆಸಬೇಕೆಂದು ಬ್ರಾಹ್ಮಣಗ್ರಂಥಗಳು ಹೇಳುವುವು. ಅದು ಒಂದು ಗಿಡವೆಂದೋ ಬಳ್ಳಿಯೆಂದೋ ಸಂಪ್ರದಾಯದ ಮತ. ಪೂತೀಕವೇ ಪುಟ್ಕಾ ಎಂಬ ಅಣಬೆಯೆಂದು ಸ್ಟೆಲ್ಲಾ ಕ್ರಾಮ್ರಿಶ್ ಅವರು ೧೯೭೫ರಲ್ಲಿ ವಾದಿಸಿದರು. ೧೯೮೨ರಲ್ಲಿ ಗಾರ್ಡನ್ ವಾಸನ್ ಎಂಬವರು ಇನ್ನೂ ಮುಂದೆ ಹೋಗಿ, ಪಾವಾ ಎಂಬ ಊರಿನಲ್ಲಿ ಚುಂದನೆಂಬ ಕಮ್ಮಾರನು ಭಗವಾನ್ ಬುದ್ಧನಿಗೆ ಬಡಿಸಿದ ಕೊನೆಯ ಭೋಜನದ ‘ಸೂಕರಮದ್ದವ’ವೂ ಇದೇ ಎಂದರು. ಆ ಶಬ್ದಕ್ಕೆ ಹಂದಿಯ ಮೃದುಮಾಂಸವೆಂದು ಕೆಲವರೂ, ಹಂದಿ ತುಳಿದ ನೆಲದಲ್ಲಿ ಹುಟ್ಟಿದ ಅಣಬೆಯೆಂದು ಬೇರೆ ಕೆಲವರೂ ಅರ್ಥ ಹೇಳಿದುದು ಪ್ರಾಚೀನ ವ್ಯಾಖ್ಯಾನಗಳಲ್ಲಿಯೇ ಉಂಟು. ತಥಾಗತನು ನಿರ್ವಾಣ ಹೊಂದಿದುದು ಎರಡು ಸಾಲವೃಕ್ಷಗಳ ನಡುವೆ ಎಂಬುದನ್ನು ನೆನೆದರೆ ಈ ಊಹೆಯು ಮನಸ್ಸನ್ನು ಸೆಳೆಯುವುದು. ಆದರೆ ಊಹೆಯನ್ನು ಊಹೆಯೆಂದೇ ಇಟ್ಟುಕೊಳ್ಳುವುದು ಲೇಸು.

ಈಗ ನಮ್ಮ ಮುದಗಲ್ಲಿನ ಸೀಮೆಯವರು, “ನಮ್ಮಲ್ಲಿ ಇದೇಕಿಲ್ಲ?” ಎಂದು ಕೇಳುವುದು ನ್ಯಾಯ. ನಮ್ಮದು ಬೆಣಚುಕಲ್ಲಿನ ಗುಡ್ಡ, ಎರೆಯ ಹೊಲ. ವರ್ಷಕ್ಕೆ ಸುಮಾರು ೬೦೦ ಮಿಲಿಮೀಟರು ಮಳೆ. ಕರಾವಳಿಯಲ್ಲಿ ಇದರ ಐದಾರು ಪಟ್ಟು. ಮಳೆಗಿಂತ ಮುಖ್ಯವಾಗಿ, ಕಲ್ಲಣಬೆಗೆ ಜತೆಗಾರನಾಗಬಲ್ಲ ಮರವೇ ನಮ್ಮಲ್ಲಿ ಇಲ್ಲ. ಆದರೆ ದೇವರು ನಮ್ಮನ್ನೂ ಬರಿಗೈಯಲ್ಲಿ ಬಿಟ್ಟಿಲ್ಲ. ಬಯಲುಸೀಮೆಯಲ್ಲಿ ಮರದ ಸ್ಥಾನವನ್ನು ಒರಲೆಯು ವಹಿಸಿಕೊಂಡಿದೆ. ಹುತ್ತದ ಒರಲೆಗಳು ಕಟ್ಟಿಗೆ, ಒಣಗಿದ ಎಲೆಗಳನ್ನು ಅಗಿದು, ನೆಲದೊಳಗೆ ಜೇನುಹಟ್ಟಿಯಂತಹ ತೊಟ್ಟಿಗಳನ್ನು ಕಟ್ಟಿ, ಅವುಗಳಲ್ಲಿ ಅಣಬೆಯ ಎಳೆಗಳನ್ನು ಬೆಳೆಯಿಸಿ ತಿನ್ನುವುವು. ಮನುಷ್ಯನು ನೇಗಿಲನ್ನು ಕಾಣುವುದಕ್ಕೆ ಕೋಟ್ಯಂತರ ವರ್ಷಗಳ ಮೊದಲೇ ಆರಂಭವಾದ ಒಕ್ಕಲುತನ ಇದು. ಮಳೆ ಬಿದ್ದು ನೆಲ ನೆನೆದಾಗ ಆ ಒಳತೋಟದಿಂದ ಉದ್ದನೆಯ ಬೇರಿನಂತಹ ಕಾಂಡವೊಂದು ಮೇಲಕ್ಕೆ ಎದ್ದು ಹುತ್ತದ ಬಳಿಯಲ್ಲಿ ಕೊಡೆಯನ್ನು ಬಿಚ್ಚುವುದು, ಅದೇ ಹುತ್ತದಣಬೆ. ೧೯೪೨ರಲ್ಲಿ ರೋಜೆ ಎಮ್ ಎಂಬ ಫ್ರೆಂಚ್ ವಿದ್ವಾಂಸರು ಈ ಕುಲಕ್ಕೆ ‘ಟರ್ಮಿಟೋಮೈಸಿಸ್’, ಎಂದರೆ ಒರಲೆಯ ಅಣಬೆ, ಎಂದು ನಾಮಕರಣ ಮಾಡಿದರು. ಹುಲ್ಲಿನ ಮೇಲೆ ಬೆಳೆಯುವ ಪೇಟೆಯ ಅಣಬೆಯಂತೆ ಇದನ್ನು ಕೊಠಡಿಯಲ್ಲಿ ಬೆಳೆಯಿಸಲಾಗದು, ಒರಲೆಯಿಲ್ಲದೆ ಇದಿಲ್ಲ.

ಇಲ್ಲಿಗೆ ಒಂದು ಮುಖ್ಯವಾದ ವಿಷಯ ಬಂದಿತು. ಈ ವಿದ್ಯೆಯು ಯಾರ ಕೈಯಲ್ಲಿದೆ? ನನ್ನಂತೆ ಸಂಸ್ಕೃತವನ್ನು ಓದಿದವರ ಕೈಯಲ್ಲಿ ಹೆಸರುಗಳು ಮಾತ್ರ ಇವೆ: ಕವಕ, ಛತ್ರಾಕ, ಶಿಲೀಂಧ್ರ. ಮನುಸ್ಮೃತಿಯು ಬೆಳ್ಳುಳ್ಳಿ ನೀರುಳ್ಳಿಗಳೊಡನೆ ಕವಕವನ್ನೂ ದ್ವಿಜರಿಗೆ ನಿಷೇಧಿಸಿತು. ವಾನಪ್ರಸ್ಥನು ನೆಲದಲ್ಲಿ ಹುಟ್ಟುವ ಕವಕವನ್ನು ಬಿಡಬೇಕೆಂದು ಮತ್ತೊಮ್ಮೆ ಹೇಳಿತು. ವೈದ್ಯನಾದ ಸುಶ್ರುತನು ಮಾತ್ರ ಅವು ಹುಟ್ಟುವ ಸ್ಥಳವನ್ನು ಹಿಡಿದು, ಹುಲ್ಲು, ಕಬ್ಬು, ಸಗಣಿ, ಬಿದಿರು, ನೆಲ ಎಂದು ಐದು ಬಗೆಯಾಗಿ ವಿಂಗಡಿಸಿ ಗುಣಗಳನ್ನು ಹೇಳಿದನು. ನಿಷೇಧಿಸಿದವರಿಗೆ ಗುರುತಿಸುವ ಅಗತ್ಯ ಬೀಳಲಿಲ್ಲ. ಹಸಿವಿದ್ದವರು, ಕಾಡಿನ ಅಂಚಿನಲ್ಲಿ ಬಾಳಿದವರು, ಗುರುತಿಸಲು ಕಲಿತರು. ಅಜ್ಜಿಯಿಂದ ಮೊಮ್ಮಗಳಿಗೆ, ಕೈಯಿಂದ ಕೈಗೆ ಆ ಪಾಠವು ನಡೆದುಬಂದಿತು. ಅದಕ್ಕೆ ಪುಸ್ತಕವಿಲ್ಲ, ಪರೀಕ್ಷೆಯಿಲ್ಲ. ತಪ್ಪಿದರೆ ಪ್ರಾಣವೇ ಹೋಗುವುದು.

ಪ್ರಾಣದ ಮಾತು ಅಲಂಕಾರಕ್ಕಾಗಿ ಹೇಳಿದುದಲ್ಲ. ೨೦೨೨ರ ಏಪ್ರಿಲ್ ತಿಂಗಳಿನಲ್ಲಿ ಅಸ್ಸಾಮಿನಲ್ಲಿ ಕಾಡಣಬೆಯನ್ನು ತಿಂದು ೧೩ ಮಂದಿ ಮೃತರಾದರು. ಗೃಹಸ್ಥರು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಹೇಳುವೆನು. ಬೆಳ್ಳಿಯ ನಾಣ್ಯವನ್ನು ಹಾಕಿ ಬೇಯಿಸಿದಾಗ ಅದು ಕಪ್ಪಾಗದಿದ್ದರೆ ಅಣಬೆ ನಿರ್ವಿಷವೆಂದೂ, ಬೆಳ್ಳುಳ್ಳಿ ಬಣ್ಣಗೆಡದಿದ್ದರೆ ತಿನ್ನಬಹುದೆಂದೂ, ಹುಳು ತಿಂದ ಅಣಬೆಯು ಮನುಷ್ಯನಿಗೂ ಹಿತವೆಂದೂ ಹೇಳುವ ಮಾತುಗಳೆಲ್ಲ ಸುಳ್ಳು. ಮಾರಕವಾದ ಅಣಬೆಯ ವಿಷವನ್ನು ಬೇಯಿಸುವುದರಿಂದಲೂ, ಹುಣಿಸೆಹಣ್ಣಿನಿಂದಲೂ ಕಳೆಯಲಾಗದು. ಅತ್ಯಂತ ಘೋರವಾದ ವಿಷವು ತಿಂದ ಕೂಡಲೇ ತೋರದೆ ಆರು ಗಂಟೆಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ವಾಂತಿಭೇದಿಗಳನ್ನು ಉಂಟುಮಾಡಿ, ನಡುವೆ ಗುಣವಾದಂತೆ ನಟಿಸಿ, ಕೊನೆಗೆ ಯಕೃತ್ತನ್ನು ಕೆಡಿಸುವುದು. ಆದುದರಿಂದ ಅಣಬೆಯುಂಡ ಮೇಲೆ ಹೊಟ್ಟೆ ಕೆಟ್ಟರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ, ಉಳಿದ ಅಣಬೆಯ ಚೂರನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಹೋಗಬೇಕು.

ಉಂಡೆಯಾದ ಅಣಬೆಯ ವಿಷಯದಲ್ಲಿ, ಕರಾವಳಿಯ ಗೃಹಿಣಿಯರು ಪ್ರತಿಯೊಂದನ್ನೂ ಕತ್ತರಿಸಿ ನೋಡುವುದು ಬರಿಯ ವಾಡಿಕೆಯಲ್ಲ, ಅದೊಂದು ದೊಡ್ಡ ವಿವೇಕ. ನಡುವೆ ಮೇಲಿನಿಂದ ಕೆಳಕ್ಕೆ ಸೀಳಿದಾಗ ಒಳಗೆಲ್ಲ ಒಂದೇ ಸಮನಾಗಿ ಬೆಳ್ಳಗೆ ಗಟ್ಟಿಯಾಗಿರಬೇಕು. ಒಳಗೆ ಪುಟ್ಟ ಕೊಡೆಯ ಚಿತ್ರ ಬರೆದಂತೆ ಕಂಡರೆ ಅದು ಉಂಡೆಯ ಜಾತಿಯೇ ಅಲ್ಲ. ಮೊಟ್ಟೆಯ ರೂಪದಲ್ಲಿರುವ ಬೇರೊಂದು ಅಣಬೆಯ ಶಿಶು, ಅವುಗಳಲ್ಲಿ ಮಾರಕವಾದುವೂ ಉಂಟು. ಸಿಪ್ಪೆ ದಪ್ಪವಾಗಿ ಒಳಗೆ ನೇರಳೆಗಪ್ಪಾಗಿದ್ದರೆ ಅದು ಹೊಟ್ಟೆಯನ್ನು ಕೆಡಿಸುವ ಬೇರೊಂದು ಉಂಡೆ. ಆದರೆ ಈ ಸಾಲುಗಳನ್ನು ಓದಿದ ಮಾತ್ರಕ್ಕೆ ಯಾರೂ ಬುಟ್ಟಿ ಹಿಡಿದು ಹೊರಡಬಾರದು. ಓದಿನಿಂದ ಈಜು ಬಾರದಂತೆ ಓದಿನಿಂದ ಅಣಬೆಯ ಗುರುತೂ ಬಾರದು. ಬಲ್ಲವರ ಜತೆಯಲ್ಲಿ ಹಲವು ಮಳೆಗಾಲ ತಿರುಗಬೇಕು. ಉಳಿದವರು ಬಲ್ಲವರಿಂದ ಕೊಂಡು ಉಣ್ಣುವುದೇ ಕ್ಷೇಮ.

ಬಲ್ಲವರು ಇರುವವರೆಗೆ ಈ ಮಾತು ಸರಿ. ಇಲ್ಲದಾದರೆ ಏನಾಗುವುದೆಂಬುದಕ್ಕೆ ಫ್ರಾನ್ಸಿನ ಕಥೆಯೇ ನಿದರ್ಶನ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿ ವರ್ಷಕ್ಕೆ ಸುಮಾರು ೧೦೦೦ ಟನ್ ಟ್ರಫಲ್ಲು ದೊರೆಯುತ್ತಿತ್ತೆಂದು ಲೆಕ್ಕ. ಈಗ ಅದು ಕೆಲವು ಹತ್ತು ಟನ್ನುಗಳಿಗೆ ಇಳಿದಿದೆ. ಕಾರಣಗಳು ಹಲವು. ಅವುಗಳಲ್ಲಿ ಒಂದು, ೧೯೧೪ರಿಂದ ೧೯೧೮ರವರೆಗೆ ನಡೆದ ಮಹಾಯುದ್ಧವೆನ್ನುವರು. ಹಳ್ಳಿಹಳ್ಳಿಗಳಿಂದ ಹೋದ ಗಂಡಸರು ರಣರಂಗದಲ್ಲಿ ಮಡಿದರು. ಯಾವ ಮರದ ಬುಡದಲ್ಲಿ ಹುಡುಕಬೇಕು, ಕಾಡನ್ನು ಹೇಗೆ ಸವರಬೇಕು ಎಂಬ ತಿಳಿವಳಿಕೆಯು ಅವರೊಡನೆಯೇ ಮಣ್ಣಾಯಿತು. ಉಳಿದವರು ಪಟ್ಟಣ ಸೇರಿದರು. ನೋಡುವವರಿಲ್ಲದ ಕಾಡು ದಟ್ಟವಾಗಿ ಬೆಳೆದು ಟ್ರಫಲ್ಲಿಗೆ ಬೇಕಾದ ಬಿಸಿಲು ತಪ್ಪಿತು.

ನಮ್ಮಲ್ಲಿ ಯುದ್ಧವು ಬೇಕಾಗಿಲ್ಲ. ಹಾಡಿಯನ್ನು ಕಡಿದು ರಬ್ಬರನ್ನೂ ಅಕೇಶಿಯವನ್ನೂ ನೆಟ್ಟ ಕಡೆ, ಮುರಕಲ್ಲಿಗಾಗಿ ಕೋರೆ ತೋಡಿದ ಕಡೆ, ಮನೆಗಳ ನಿವೇಶನವಾದ ಕಡೆ, ಬೋಗಿಯ ಬೇರಿನೊಡನೆ ಕಲ್ಲಣಬೆಯ ಎಳೆಗಳೂ ಸದ್ದಿಲ್ಲದೆ ಅಳಿಯುವುವು. ಹಾಡಿ ಹೋದರೆ ಹುಡುಕುವವಳ ಕಣ್ಣಿನ ವಿದ್ಯೆಗೂ ಕೆಲಸವಿಲ್ಲ. ಅವಳ ಮೊಮ್ಮಗಳು ಅದನ್ನು ಕಲಿಯಳು. ಬಯಲುಸೀಮೆಯಲ್ಲಿಯೂ ಹುತ್ತವನ್ನು ಯಂತ್ರದಿಂದ ನೆಲಸಮ ಮಾಡಿದ ಹೊಲದಲ್ಲಿ ಹುತ್ತದಣಬೆ ಏಳುವುದೆಂತು?

ಹಾಗಾದರೆ ಮಾಡತಕ್ಕುದೇನು? ಇಟಲಿಯವರು ೧೯೮೫ರಲ್ಲಿ ಟ್ರಫಲ್ಲಿಗಾಗಿಯೇ ಒಂದು ಕಾನೂನನ್ನು ಮಾಡಿಕೊಂಡರು. ಹುಡುಕುವವನು ಪರೀಕ್ಷೆ ಕೊಟ್ಟು ಪರವಾನಗಿ ಪಡೆಯಬೇಕು, ನಾಯಿಯ ಸಹಾಯದಿಂದ ಹುಡುಕಬೇಕು, ಬಲಿಯದುದನ್ನು ತೆಗೆಯಕೂಡದು, ಅಗೆದ ಗುಳಿಯನ್ನು ಕೂಡಲೇ ಮುಚ್ಚಬೇಕು. ಈ ಕೊನೆಯ ಮಾತು ನನಗೆ ಬಹಳ ಮೆಚ್ಚಿಕೆಯಾಯಿತು. ಗುಳಿಯನ್ನು ಮುಚ್ಚುವುದೆಂದರೆ ಬೇರಿಗೆ ಬಿಸಿಲು ತಾಕದಂತೆ, ಎಳೆಗಳು ಒಣಗದಂತೆ ನೋಡಿಕೊಳ್ಳುವುದು. ಬರುವ ವರ್ಷದ ಫಲವನ್ನು ನೆಲಕ್ಕೆ ಒಪ್ಪಿಸಿ ಬರುವುದು. ನಮ್ಮ ಕಲ್ಲಣಬೆಗೆ ಸಲ್ಲುವ ನಿಯಮಗಳೂ ಕಷ್ಟವಾದುವಲ್ಲ. ಕೆದಕಿದ ಮಣ್ಣನ್ನೂ ಸರಿಸಿದ ತರಗೆಲೆಯನ್ನೂ ಮತ್ತೆ ಮುಚ್ಚಬೇಕು. ಇಡೀ ಹಾಸನ್ನು ಬರಿದು ಮಾಡದೆ ಕೆಲವು ಉಂಡೆಗಳನ್ನು ನಕ್ಷತ್ರವಾಗಲು ಬಿಡಬೇಕು. ಬಲಿತು ಕಪ್ಪಾದುವನ್ನು ಹಾಡಿಯಲ್ಲಿಯೇ ಬಿಟ್ಟುಬರಬೇಕು. ಕೊಳ್ಳುವವರು ಬೆಲೆಯಲ್ಲಿ ಚೌಕಾಸಿ ಮಾಡುವಾಗ, ತಾವು ಕೊಡುವ ಹಣವು ಗಡ್ಡೆಗೆ ಮಾತ್ರವಲ್ಲ, ವಿಷವನ್ನೂ ಅನ್ನವನ್ನೂ ಬೇರ್ಪಡಿಸಿದ ಕಣ್ಣಿಗೂ ಸಲ್ಲತಕ್ಕುದೆಂದು ನೆನೆಯಬೇಕು. ಶಾಲೆಗಳಲ್ಲಿ ಉಪಾಧ್ಯಾಯರು ಮಳೆಗಾಲದ ಒಂದು ದಿನ ಇಂತಹ ಅಜ್ಜಿಯೊಬ್ಬಳನ್ನು ಕರೆದು ಮಕ್ಕಳ ಮುಂದೆ ಕುಳ್ಳಿರಿಸಿ, ಅವಳು ಹೇಳಿದುದನ್ನು ಬರೆಯಿಸಿದರೆ ಅದು ಸಸ್ಯಶಾಸ್ತ್ರದ ಉತ್ತಮವಾದ ಪಾಠವಾದೀತು.

ಭೂಮಿಯು ಬಂಜೆಯಲ್ಲವೆಂಬುದಕ್ಕೆ ಶಿಲೀಂಧ್ರವೇ ಗುರುತೆಂದು ಕಾಳಿದಾಸನು ಬಗೆದನು. ಆ ಗುರುತು ಅಳಿಯದಂತೆ ನೋಡಿಕೊಳ್ಳುವ ಭಾರವು ಮೇಘದ್ದಲ್ಲ, ನಮ್ಮದು. ಗುಡುಗು ತನ್ನ ಕೆಲಸವನ್ನು ವರ್ಷವರ್ಷವೂ ಮಾಡುತ್ತಲೇ ಇರುವುದು. ಅದಕ್ಕೆ ಓಗೊಡಲು ಮರವೂ, ಮರದ ಬುಡದಲ್ಲಿ ಬಾಗಿ ನೋಡಬಲ್ಲ ಕಣ್ಣೂ ಉಳಿದಿರಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುವೆನು.